ಓರೆಯಾಗಿ ನಿಂತ ದಪ್ಪಕ್ಷರದ ಕಥೆ

ಕೆಂಪು ಪಟ್ಟಿಯ ಮೇಲೆ ಬಲಕ್ಕೆ ವಾಲಿದ, ದಪ್ಪನೆಯ ಬಿಳಿ ರೋಮನ್ ಅಕ್ಷರಗಳು. ‘ಸುಪ್ರೀಂ’ ಎಂಬ ಅಮೆರಿಕದ ಉಡುಪು ಸಂಸ್ಥೆಯ ಈ ಗುರುತು ಯುವಜನರ ಅಂಗಿ, ಟೋಪಿಗಳ ಮೇಲೆ ಲೋಕದ ಹಲವೆಡೆ ಕಾಣಸಿಗುತ್ತದೆ. ಈ ಅಕ್ಷರದ ಹೆಸರು ‘ಫ್ಯೂಚುರಾ’. ಪರಸ್ಪರ ವಿರುದ್ಧವಾದ ಧಣಿಗಳಿಗೆ ದುಡಿದ ಅಕ್ಷರವಿದು.

ಫ್ಯೂಚುರಾವನ್ನು ರೂಪಿಸಿದವರು ಜರ್ಮನಿಯ ಪೌಲ್ ರೆನರ್ (1878-1956). ಫ್ರಾಂಕ್‌ಫರ್ಟಿನ ಬಾವರ್ ಅಚ್ಚುಮೊಳೆ ಕಾರ್ಖಾನೆ 1927ರಲ್ಲಿ ಅದನ್ನು ಹೊರತಂದಿತು. ಆಗ ಜರ್ಮನ್ ಮುದ್ರಣದಲ್ಲಿ ಕೋನಕೋನವಾದ ಹಳೆಯ ‘ಫ್ರಾಕ್ಟೂರ್’ ಅಕ್ಷರ ವ್ಯಾಪಕವಾಗಿತ್ತು. ರೆನರ್ ವೃತ್ತ, ತ್ರಿಕೋನ, ಸರಳರೇಖೆಗಳನ್ನು ಆಧಾರವಾಗಿಟ್ಟುಕೊಂಡರು. ಗೆರೆಯ ತುದಿಗಳಲ್ಲಿರುತ್ತಿದ್ದ ಪುಟ್ಟ ಅಡ್ಡಗೆರೆಗಳನ್ನು, ಅಂದರೆ ‘ಸೆರಿಫ್’ಗಳನ್ನು, ಕೈಬಿಟ್ಟರು. ಹೊಸ ಯುಗಕ್ಕೆ ಹೊಸ ಅಕ್ಷರ ಬೇಕೆಂಬುದು ಅವರ ನಿಲುವು.

ಅದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ನಾಜಿಗಳ ಸಾಂಸ್ಕೃತಿಕ ಧೋರಣೆಯನ್ನು ಖಂಡಿಸಿ 1932ರಲ್ಲಿ ಅವರು ಕಿರುಹೊತ್ತಿಗೆ ಬರೆದರು. ಮರುವರ್ಷ ಅಧಿಕಾರಕ್ಕೆ ಬಂದ ನಾಜಿಗಳು ಅವರನ್ನು ಬಂಧಿಸಿದರು. ಮ್ಯೂನಿಕ್ ಮುದ್ರಣ ಶಾಲೆಯ ಮುಖ್ಯಸ್ಥರ ಹುದ್ದೆಯೂ ಹೋಯಿತು. ವಿಪರ್ಯಾಸವೆಂದರೆ, 1941ರಲ್ಲಿ ಅದೇ ಸರ್ಕಾರ ಫ್ರಾಕ್ಟೂರಿಗೆ ‘ಯೆಹೂದಿ ಅಕ್ಷರ’ವೆಂಬ ಸುಳ್ಳು ಹಣೆಪಟ್ಟಿ ಹಚ್ಚಿ ಅದನ್ನು ಕೈಬಿಟ್ಟಿತು.

ಓರೆ ಅಕ್ಷರದ ಇತಿಹಾಸ ಇನ್ನೂ ಹಳೆಯದು. 1501ರಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನೂಟಿಯಸ್ ಕೈಬರಹವನ್ನು ಹೋಲುವ ಇಟಾಲಿಕ್ ಅಕ್ಷರದಲ್ಲಿ ವರ್ಜಿಲ್ ಕವಿಯ ಕೃತಿಗಳನ್ನು ಅಚ್ಚು ಹಾಕಿದ. ಫ್ಯೂಚುರಾದ ಓರೆ ರೂಪ ಕೈಬರಹದ ಅನುಕರಣೆಯಲ್ಲ. ನೆಟ್ಟಗಿನ ಅಕ್ಷರವನ್ನೇ ವಾಲಿಸಿದ್ದು. ಆದರೆ ಬರಿದೆ ವಾಲಿಸಿದರೆ ದುಂಡು ಗೆರೆ ಒಂದೆಡೆ ಉಬ್ಬಿ ಮತ್ತೊಂದೆಡೆ ಸೊರಗುತ್ತದೆ. ಅದನ್ನು ಕಣ್ಣಳತೆಯಿಂದ ತಿದ್ದಬೇಕು. ದಪ್ಪ ಗೆರೆ ಮಾತಿಗೆ ಒತ್ತು ಕೊಟ್ಟರೆ, ವಾಲು ಅವಸರವನ್ನು ಸೂಚಿಸುತ್ತದೆ. ಪುಸ್ತಕದ ಒಳಪುಟಗಳಿಗೆ ಒಗ್ಗದ ಈ ಗುಣವೇ ಜಾಹೀರಾತು, ಭಿತ್ತಿಪತ್ರಗಳಿಗೆ ಬೇಕಾದದ್ದು.

ಇದರ ಬಲವನ್ನು ಚೆನ್ನಾಗಿ ಅರಿತವರು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್. 1945ರಲ್ಲಿ ಜನಿಸಿದ ಅವರು ಮೊದಲು ನ್ಯೂಯಾರ್ಕಿನ ಮಹಿಳಾ ಪತ್ರಿಕೆಯೊಂದರಲ್ಲಿ ಪುಟವಿನ್ಯಾಸ ಮಾಡುತ್ತಿದ್ದರು. ಮುಂದೆ ಕಪ್ಪುಬಿಳುಪು ಚಿತ್ರಗಳ ಮೇಲೆ ಕೆಂಪು ಪಟ್ಟಿ ಹಾಕಿ, ದಪ್ಪ ಓರೆ ಫ್ಯೂಚುರಾದಲ್ಲಿ ಚುರುಕು ವಾಕ್ಯಗಳನ್ನು ಜೋಡಿಸಿದರು. ಜಾಹೀರಾತಿನ ಆಯುಧದಿಂದಲೇ ಕೊಳ್ಳುಬಾಕತನವನ್ನೂ ಪುರುಷಾಧಿಕಾರವನ್ನೂ ಚುಚ್ಚುವುದು ಅವರ ಮಾರ್ಗ. ಗರ್ಭಪಾತದ ಹಕ್ಕಿಗಾಗಿ 1989ರಲ್ಲಿ ವಾಷಿಂಗ್ಟನ್‌ನಲ್ಲಿ ನಡೆದ ಮಹಿಳೆಯರ ಮೆರವಣಿಗೆಗೂ ಅವರು ಇದೇ ಶೈಲಿಯ ಭಿತ್ತಿಪತ್ರ ರಚಿಸಿದರು.

ಚಕ್ರ ಅಲ್ಲಿಗೆ ನಿಲ್ಲಲಿಲ್ಲ. 1994ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕೇಟ್‌ಬೋರ್ಡ್ ಅಂಗಡಿಯಾಗಿ ಆರಂಭವಾದ ಸುಪ್ರೀಂ, ಕ್ರೂಗರ್ ಶೈಲಿಯ ಕೆಂಪು ಪಟ್ಟಿಯನ್ನೇ ತನ್ನ ಗುರುತಾಗಿಸಿಕೊಂಡಿತು. ಆ ಗುರುತನ್ನು ಅಣಕಿಸಿ ಅಂಗಿ ಮಾಡಿದ ಸಣ್ಣ ಸಂಸ್ಥೆಯೊಂದರ ಮೇಲೆ 2013ರಲ್ಲಿ ಮೊಕದ್ದಮೆಯನ್ನೂ ಹೂಡಿತು. ಕ್ರೂಗರ್ ನ್ಯಾಯಾಲಯಕ್ಕೆ ಹೋಗಲಿಲ್ಲ. ಎರಡೂ ಕಡೆಯವರನ್ನು ಗೇಲಿ ಮಾಡಿದರು. 2017ರಲ್ಲಿ ನ್ಯೂಯಾರ್ಕಿನ ಕಲಾ ಉತ್ಸವದಲ್ಲಿ ತಾವೇ ಅಂತಹದೊಂದು ಅಂಗಡಿ ತೆರೆದು ಅಂಗಿ, ಸ್ಕೇಟ್‌ಬೋರ್ಡ್ ಮಾರಿಸಿದರು.

ಅಮೆರಿಕದ ಕಾನೂನಿನಲ್ಲಿ ಅಕ್ಷರದ ಆಕಾರಕ್ಕೆ ಕೃತಿಸ್ವಾಮ್ಯವಿಲ್ಲ. ರೆನರ್ ರೂಪಿಸಿದ ಅಕ್ಷರ ಪ್ರತಿಭಟನೆಗೂ ಒದಗಿತು, ಪೇಟೆಗೂ ಒದಗಿತು. ಅದು ಯಾರ ಪರ ಎಂಬುದನ್ನು ತಿಳಿಯಲು ಅಕ್ಷರವನ್ನು ನೋಡಿದರಷ್ಟೇ ಸಾಲದು, ಅದು ಹೇಳುವ ಮಾತನ್ನೂ ಓದಬೇಕು.