ಪಾಠ ಹೇಳುವ ಅಧಿಕಾರಪತ್ರ

ಉತ್ತರ ಕನ್ನಡ ಜಿಲ್ಲೆಯ ಅಂಕೋಲೆ ತಾಲ್ಲೂಕಿನಲ್ಲಿ ಭಾವಿಕೇರಿ ಎಂಬ ಗ್ರಾಮವಿರುವುದು. ಅಲ್ಲಿಯ ಕನ್ನಡ ಶಾಲೆಗೆ ಒಬ್ಬ ಉಪಾಧ್ಯಾಯರನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳೋಣ. ಇವರ ಜನನ 1975ರಲ್ಲಿ, ಟಿ.ಸಿ.ಎಚ್. ತರಬೇತಿಯನ್ನು ಮುಗಿಸಿ, ಸರ್ಟಿಫಿಕೇಟನ್ನು ಪಡೆದು, 1999ರಲ್ಲಿ ಸರ್ಕಾರದ ಕೆಲಸಕ್ಕೆ ಸೇರಿದವರು. ಇವರು ಅಕ್ಷರ ತಿದ್ದಿಸಿದ ಹುಡುಗರ ಮಕ್ಕಳೇ ಇವರ ಮುಂದೆ ಕುಳಿತಿರುವರು. ಹೀಗಿರಲು 2025ನೆಯ ಇಸವಿ ಸೆಪ್ಟೆಂಬರ್ 1ನೆಯ ತಾರೀಖಿನಂದು ದೆಹಲಿಯ ಸರ್ವೋಚ್ಚ ನ್ಯಾಯಾಲಯವು ಒಂದು ತೀರ್ಪನ್ನು ಕೊಟ್ಟಿತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಕಾಲ ಉಳಿದಿರುವ ಉಪಾಧ್ಯಾಯರು, ಎಷ್ಟು ಹಳಬರೇ ಆಗಿರಲಿ, ಎರಡು ವರ್ಷಗಳೊಳಗಾಗಿ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ, ಅಂದರೆ ಟಿ.ಇ.ಟಿ.ಯಲ್ಲಿ, ತೇರ್ಗಡೆಯಾಗಬೇಕು, ಇಲ್ಲವಾದರೆ ಕೆಲಸವನ್ನು ಬಿಡಬೇಕು. ಐದು ವರ್ಷಕ್ಕಿಂತ ಕಡಮೆ ಉಳಿದಿರುವವರು ಪರೀಕ್ಷೆಯಿಲ್ಲದೆ ಮುಂದುವರಿಯಬಹುದು, ಆದರೆ ಅವರಿಗೆ ಬಡ್ತಿಯಿಲ್ಲ. ಅಲ್ಪಸಂಖ್ಯಾತರ ವಿದ್ಯಾಸಂಸ್ಥೆಗಳ ವಿಚಾರವನ್ನು ಮಾತ್ರ ಹೆಚ್ಚು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ನಮ್ಮ ಉಪಾಧ್ಯಾಯರಿಗೆ ಇನ್ನೂ ಹತ್ತು ವರ್ಷದ ಸೇವೆಯಿದ್ದಿತು.

ಒಮ್ಮೆ ದೊರೆತ ಅಧಿಕಾರಪತ್ರವು ಎಲ್ಲಿಯವರೆಗೆ ಅಧಿಕಾರಪತ್ರ? ಈ ಪ್ರಶ್ನೆಗೆ ಒಂದು ಚರಿತ್ರೆಯೇ ಇರುವುದು.

ಐಗಳ ಮಠಗಳ ಕಾಲದಲ್ಲಿ ಇಂತಹ ಪತ್ರವೇ ಇರಲಿಲ್ಲ. ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಸಿ, ಮಗ್ಗಿ ಹೇಳಿಸಿ, ಲೆಕ್ಕ ಬರೆಯಿಸುತ್ತಿದ್ದ ಐಗಳಿಗೆ ಊರಿನ ಒಪ್ಪಿಗೆಯೇ ಲೈಸೆನ್ಸು. ಊರವರು ಮಕ್ಕಳನ್ನು ಕಳುಹಿಸುವುದನ್ನು ನಿಲ್ಲಿಸಿದರೆ ಅದು ರದ್ದಾದಂತೆ. ಯೂರೋಪಿನಲ್ಲಾದರೋ ಪಾಠ ಹೇಳಲು ಇಗರ್ಜಿಯ ಅಧಿಕಾರಿಯ ಅನುಮತಿ ಬೇಕಾಗಿದ್ದಿತು. ಆ ಅನುಮತಿಗೆ ಹಣ ಕೇಳಬಾರದು, ಯೋಗ್ಯನಾದವನಿಗೆ ನಿರಾಕರಿಸಲೂ ಬಾರದು ಎಂದು 1179ರ ಲ್ಯಾಟರನ್ ಧರ್ಮಸಭೆಯು ಕಟ್ಟಳೆ ಮಾಡಿತು. ಕಟ್ಟಳೆ ಮಾಡಬೇಕಾಯಿತೆಂದ ಮೇಲೆ, ಹಣ ಕೇಳುವವರು ಇದ್ದರೆಂದು ಬೇರೆ ಹೇಳಬೇಕಾಗಿಲ್ಲ.

ನಮ್ಮ ದೇಶಕ್ಕೆ ಸರ್ಟಿಫಿಕೇಟಿನ ಪದ್ಧತಿಯು ವ್ಯವಸ್ಥಿತವಾಗಿ ಬಂದುದು 1854ರ ವುಡ್ ಸಾಹೇಬರ ರಾಜ್ಯಪತ್ರದ ತರುವಾಯ. ಉಪಾಧ್ಯಾಯರನ್ನು ನಾರ್ಮಲ್ ಸ್ಕೂಲುಗಳಲ್ಲಿ ತಯಾರು ಮಾಡಿ, ಸರ್ಟಿಫಿಕೇಟು ಕೊಟ್ಟು, ತಕ್ಕ ಸಂಬಳದ ಮೇಲೆ ನೇಮಿಸಬೇಕೆಂದು ಅದರಲ್ಲಿ ಸೂಚಿಸಲಾಗಿದ್ದಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಲ್ಲಿಂದ ಮುಂದೆ ಕರಾವಳಿಯ ಮಾಸ್ತರರಿಗೆ ಧಾರವಾಡವೇ ವಿದ್ಯಾಕ್ಷೇತ್ರವಾಯಿತು. ಡೆಪ್ಯುಟಿ ಚೆನ್ನಬಸಪ್ಪನವರು ಮುಖ್ಯಸ್ಥರಾಗಿದ್ದ ನಾರ್ಮಲ್ ಸ್ಕೂಲು, ಮುಂದೆ ಟ್ರೇನಿಂಗ್ ಕಾಲೇಜಾಗಿ ಬೆಳೆದುದು, ಅಲ್ಲಿಯೇ ಇದ್ದಿತು. ಅಂಕೋಲೆಯ ಹುಡುಗನೊಬ್ಬನು ಮುಲ್ಕಿ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ, ಅರಬೈಲು ಘಟ್ಟವನ್ನು ಹತ್ತಿ, ಯಲ್ಲಾಪುರವನ್ನು ದಾಟಿ, ಬಯಲುಸೀಮೆಯ ಜೋಳದ ರೊಟ್ಟಿಗೆ ಹೊಂದಿಕೊಂಡು ಓದಿ ಬಂದನೆಂದರೆ ಅವನು ‘ಟ್ರೇಂಡ್ ಮಾಸ್ತರ’. ಆ ಎರಡು ಶಬ್ದಗಳಿಗೆ ಊರಿನಲ್ಲಿದ್ದ ಗೌರವವನ್ನು ಇಂದಿನ ಪದವೀಧರರು ಊಹಿಸಲಾರರು.

ಅದೇ 1862ರಲ್ಲಿ ಇಂಗ್ಲೆಂಡಿನಲ್ಲಿ ನಡೆದುದು ಬೇರೊಂದು ಕಥೆ. ಅಲ್ಲಿ 1846ರ ನಿಯಮಗಳ ಪ್ರಕಾರ ಸರ್ಟಿಫಿಕೇಟು ಪಡೆದ ಉಪಾಧ್ಯಾಯರಿಗೆ ಸರ್ಕಾರದಿಂದಲೇ ಹೆಚ್ಚಿನ ವೇತನ ಸಲ್ಲುತ್ತಿದ್ದಿತು. ರಾಬರ್ಟ್ ಲೋ ಎಂಬವರು ‘ರಿವೈಸ್ಡ್ ಕೋಡ್’ ಎಂಬ ಹೊಸ ನಿಯಮಾವಳಿಯಿಂದ ಅದನ್ನು ತೆಗೆದುಹಾಕಿ, ಮಕ್ಕಳ ಪರೀಕ್ಷಾಫಲಕ್ಕೆ ತಕ್ಕಂತೆ ಶಾಲೆಗೆ ಹಣ ಕೊಡುವ ಏರ್ಪಾಡನ್ನು ತಂದರು. ಸ್ವತಃ ಶಾಲಾ ಇನ್‌ಸ್ಪೆಕ್ಟರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡನು ತನ್ನ ಇಲಾಖೆಯ ನೀತಿಯನ್ನೇ ವಿರೋಧಿಸಿ ಬರೆದನು. ಸರ್ಕಾರಿ ನೌಕರನಿಗೆ ಆ ಧೈರ್ಯವು ಸಾಮಾನ್ಯವಾದುದಲ್ಲ.

ಮರಳಿ ಅಂಕೋಲೆಗೆ ಬರೋಣ. ಕಾಗದದ ಮೇಲಿನ ಹಕ್ಕು ಸರ್ಕಾರದ ಒಂದು ಆಜ್ಞೆಯಿಂದ ಹಾರಿಹೋಗಬಹುದೆಂಬುದು ಈ ತಾಲ್ಲೂಕಿಗೆ ತಿಳಿಯದ ಸಂಗತಿಯಲ್ಲ. 1930ರ ಉಪ್ಪಿನ ಸತ್ಯಾಗ್ರಹದ ಹಿಂದೆಯೇ ನಡೆದ ಕರನಿರಾಕರಣೆಯಲ್ಲಿ ಇಲ್ಲಿಯ ರೈತರು ತಲೆಮಾರುಗಳ ಜಮೀನುಗಳನ್ನು ಕಳೆದುಕೊಂಡರು. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆಯೇ ಅವನ್ನು ಹಿಂದಿರುಗಿಸುವ ಕಾರ್ಯ ನಡೆಯಿತು.

ಮಾಸ್ತರರ ಅಧಿಕಾರಪತ್ರಕ್ಕೆ ನಿಜವಾದ ಪರೀಕ್ಷೆ ಬಂದುದು 1956ರ ನವೆಂಬರ್ 1ರಂದು. ಜಿಲ್ಲೆಯು ಮುಂಬಯಿಯನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಸಂಬಳದ ಶ್ರೇಣಿ ಬೇರೆ, ಹಿರಿತನದ ಪಟ್ಟಿ ಬೇರೆ, ತರಬೇತಿಯ ಹೆಸರುಗಳೂ ಬೇರೆ. ಆದರೆ ರಾಜ್ಯ ಪುನರ್ವಿಂಗಡಣಾ ಶಾಸನದ 115ನೆಯ ಕಲಮು ಒಂದು ದೊಡ್ಡ ಭರವಸೆಯನ್ನು ಕೊಟ್ಟಿದ್ದಿತು: ಕೇಂದ್ರ ಸರ್ಕಾರದ ಮುಂಚಿತ ಒಪ್ಪಿಗೆಯಿಲ್ಲದೆ ಹಳೆಯ ನೌಕರರ ಸೇವಾನಿಯಮಗಳನ್ನು ಅವರಿಗೆ ಹಾನಿಯಾಗುವಂತೆ ಬದಲಿಸಕೂಡದು. ಹಿರಿತನದ ವ್ಯಾಜ್ಯಗಳು ಬಹುಕಾಲ ನಡೆದುವು, ನಿಜ; ಆದರೂ ಶಾಸನವನ್ನು ಬರೆದವರಿಗೆ ಹಳಬರ ನೆನಪಿದ್ದಿತು.

2009ರ ಶಿಕ್ಷಣದ ಹಕ್ಕಿನ ಶಾಸನವು 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದೇ ವರ್ಷ ಆಗಸ್ಟ್ 23ರಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಮಂಡಲಿಯು ಉಪಾಧ್ಯಾಯರ ಕನಿಷ್ಠ ಅರ್ಹತೆಗಳನ್ನು ಪ್ರಕಟಿಸಿ, ಟಿ.ಇ.ಟಿ.ಯನ್ನು ಅವುಗಳಲ್ಲಿ ಒಂದಾಗಿ ಮಾಡಿತು. ಆ ಪ್ರಕಟಣೆಯಲ್ಲಿಯೇ ಹಿಂದೆ ನೇಮಕವಾದವರಿಗೆ ವಿನಾಯಿತಿಯೂ ಇದ್ದಿತು. ಶಾಸನದಲ್ಲಾದರೋ, ಅರ್ಹತೆಯಿಲ್ಲದವರು ಐದು ವರ್ಷಗಳಲ್ಲಿ ಅದನ್ನು ಪಡೆಯಬೇಕೆಂದಿದ್ದಿತು. ಆ ಗಡುವನ್ನು 2017ರ ತಿದ್ದುಪಡಿಯು 2019ರ ಮಾರ್ಚ್ 31ರವರೆಗೆ ನೀಡಿತು. ಶಾಸನದ ಮಾತು ದೊಡ್ಡದೋ, ಪ್ರಕಟಣೆಯ ಮಾತು ದೊಡ್ಡದೋ? ನ್ಯಾಯಾಲಯವು ಶಾಸನದ ಪಕ್ಷವನ್ನೇ ಹಿಡಿಯಿತು. ಇನ್ನೊಂದು ವಿನೋದವನ್ನೂ ಇಲ್ಲಿಯೇ ಹೇಳಬೇಕು. 2011ರಲ್ಲಿ ಟಿ.ಇ.ಟಿ. ಸರ್ಟಿಫಿಕೇಟಿಗೆ ಏಳು ವರ್ಷದ ಆಯುಸ್ಸನ್ನು ಹೇಳಿದ್ದರು. 2021ರಲ್ಲಿ ಅದನ್ನು, 2011ರಿಂದಲೇ ಅನ್ವಯಿಸುವಂತೆ, ಜೀವಾವಧಿ ಮಾಡಿದರು. ಹೊಸ ಪತ್ರವು ಚಿರಂಜೀವಿಯಾಯಿತು. ನಾಲ್ಕೇ ವರ್ಷಗಳಲ್ಲಿ ಹಳೆಯ ಪತ್ರಕ್ಕೆ ಆಯುಸ್ಸು ತೀರಿತು.

ಉಪಾಧ್ಯಾಯರನ್ನು ಪರೀಕ್ಷಿಸುವುದೇ ಅಪಮಾನವೆಂದು ನಾನು ಹೇಳಲಾರೆ. ಇಪ್ಪತ್ತು ವರ್ಷದ ಸೇವೆಯಲ್ಲಿ ಇಪ್ಪತ್ತು ವರ್ಷ ಕಲಿತವರೂ ಇರುವರು, ಒಂದೇ ವರ್ಷವನ್ನು ಇಪ್ಪತ್ತು ಸಲ ಕಳೆದವರೂ ಇರುವರು. ಮಗುವಿನ ಹಕ್ಕು ಮಾಸ್ತರರ ಹಕ್ಕಿಗಿಂತ ಕಿರಿದಲ್ಲ. ಆದರೆ ಈ ಇಬ್ಬರನ್ನೂ ಬೇರ್ಪಡಿಸುವ ಶಕ್ತಿ, ಕೆಲಸಕ್ಕೆ ಸೇರುವ ತರುಣರಿಗಾಗಿ ರಚಿಸಿದ ಒಂದು ಪ್ರಶ್ನಪತ್ರಿಕೆಗೆ ಇರುವುದೆಂಬುದನ್ನು ನಂಬುವುದು ನನಗೆ ಕಷ್ಟವಾಗುವುದು. ತರಗತಿಗೆ ಬಂದು ಕುಳಿತು ಪಾಠವನ್ನು ಕೇಳಿದ ಇನ್‌ಸ್ಪೆಕ್ಟರನಿಗೆ ಅದು ಅರ್ಧ ಗಂಟೆಯಲ್ಲಿ ತಿಳಿಯುತ್ತಿದ್ದಿತು.

ನಮ್ಮ ಭಾವಿಕೇರಿಯ ಉಪಾಧ್ಯಾಯರು ಕುಳಿತುಕೊಳ್ಳಬೇಕಾದ ಪತ್ರಿಕೆಗೆ 150 ಪ್ರಶ್ನೆಗಳು, 150 ಅಂಕಗಳು, ಎರಡೂವರೆ ಗಂಟೆಯ ಕಾಲ. ತೇರ್ಗಡೆಗೆ ಸಾಮಾನ್ಯವಾಗಿ ಶೇಕಡಾ 60 ಬೇಕು. ಐದು ಭಾಗಗಳಿಗೆ ಮೂವತ್ತು ಮೂವತ್ತು ಅಂಕ. ಕನ್ನಡಕ್ಕೆ ಅವರು ಹೆದರುವವರಲ್ಲ, ಗಣಿತ ಮತ್ತು ಪರಿಸರ ಪಾಠಗಳು ನಿತ್ಯದ ಕೆಲಸ, ಮಕ್ಕಳ ಮನಸ್ಸನ್ನು ಪುಸ್ತಕದ ಪರಿಭಾಷೆಯಲ್ಲಿ ಹೇಳುವುದನ್ನು ಹೇಗಾದರೂ ಅಭ್ಯಾಸ ಮಾಡಿಕೊಂಡಾರು. ಉಳಿಯುವುದು ಎರಡನೆಯ ಭಾಷೆಯಾದ ಇಂಗ್ಲಿಷು. ಅದಕ್ಕಾಗಿ ಸಂಜೆ ಶಾಲೆ ಬಿಟ್ಟ ಮೇಲೆ ಯಾರ ಬಳಿಗೆ ಹೋಗಿ ಪಾಠ ಹೇಳಿಸಿಕೊಳ್ಳುವುದೆಂಬುದೇ ಅವರ ಯೋಚನೆ. ಊರಿನಲ್ಲಿ ಇಂಗ್ಲಿಷು ಬಲ್ಲ ತರುಣರೆಲ್ಲರೂ ಅವರ ಶಿಷ್ಯರೇ.