ಸೂಪರ್‌ಚಾರ್ಜರ್ ಅಳವಡಿಸುವ ಕಾರಿಗೆ ಕ್ಯಾಮ್‌ಶಾಫ್ಟ್ ಆಯ್ಕೆ

ಸೂಪರ್‌ಚಾರ್ಜರ್ ಅಳವಡಿಸುವ ಕಾರಿಗೆ ಕ್ಯಾಮ್‌ಶಾಫ್ಟ್ ಆಯ್ಕೆ ಎಂಬುದು, ಒತ್ತಡದಿಂದ ಗಾಳಿ ತುಂಬಿಸಲಾಗುವ ಪೆಟ್ರೋಲ್ ಎಂಜಿನ್ನಿನ ಕವಾಟಗಳು (ವಾಲ್ವ್‌ಗಳು) ಯಾವಾಗ, ಎಷ್ಟು ಎತ್ತರಕ್ಕೆ ಮತ್ತು ಎಷ್ಟು ಹೊತ್ತು ತೆರೆದಿರಬೇಕು ಎಂಬುದನ್ನು ನಿರ್ಧರಿಸುವ ಕೆಲಸವಾಗಿದೆ. ನಿತ್ಯದ ಓಡಾಟಕ್ಕೆ ಬಳಸುವ ಕಾರಿನಲ್ಲಿ ಶಕ್ತಿಯಷ್ಟೇ ಸ್ಥಿರವಾದ ಐಡ್ಲಿಂಗ್, ಇಂಧನ ಮಿತವ್ಯಯ ಮತ್ತು ಬ್ರೇಕಿನ ಭದ್ರತೆಯೂ ಮುಖ್ಯ. ಆದುದರಿಂದ ಸಾಧಾರಣ ಎಂಜಿನ್ನಿಗೆ ಒಪ್ಪುವ ಪಂದ್ಯದ ಕ್ಯಾಮ್‌ಶಾಫ್ಟ್ ಇಂತಹ ಕಾರಿಗೆ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಕ್ಯಾಮ್‌ಶಾಫ್ಟಿನ ಅಳತೆಗಳು

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದಾಗ ಕ್ಯಾಮ್‌ಶಾಫ್ಟ್ ಒಂದು ಸುತ್ತು ತಿರುಗುತ್ತದೆ. ಅದರ ಮೇಲಿನ ಉಬ್ಬುಗಳು (ಲೋಬ್‌ಗಳು) ಕವಾಟಗಳನ್ನು ತೆರೆಯುತ್ತವೆ; ಸ್ಪ್ರಿಂಗ್‌ಗಳು ಅವುಗಳನ್ನು ಮುಚ್ಚುತ್ತವೆ. ಕವಾಟವು ಮೇಲೇಳುವ ಎತ್ತರವನ್ನು ಲಿಫ್ಟ್ ಎಂದೂ, ತೆರೆದಿರುವ ಅವಧಿಯನ್ನು ಡ್ಯುರೇಷನ್ ಎಂದೂ ಕರೆಯಲಾಗುತ್ತದೆ. ಡ್ಯುರೇಷನ್ನನ್ನು ಕ್ರ್ಯಾಂಕ್‌ಶಾಫ್ಟಿನ ಡಿಗ್ರಿಗಳಲ್ಲಿ ಅಳೆಯುತ್ತಾರೆ. ಅಮೆರಿಕದ ತಯಾರಕರು ಇದನ್ನು ಎರಡು ರೀತಿಯಲ್ಲಿ ನಮೂದಿಸುತ್ತಾರೆ: ಜಾಹೀರಾತಿನ ಡ್ಯುರೇಷನ್ ಒಂದು, 0.050 ಇಂಚು (1.27 ಮಿ.ಮೀ.) ಎತ್ತರದಲ್ಲಿ ಅಳೆದದ್ದು ಇನ್ನೊಂದು. ಹೋಲಿಕೆ ಮಾಡುವಾಗ ಎರಡೂ ಅಂಕಿಗಳು ಒಂದೇ ರೀತಿಯ ಅಳತೆಯವೇ ಎಂದು ಗಮನಿಸುವುದು ಅಗತ್ಯ.

ಒಳಹರಿವಿನ ಮತ್ತು ಹೊರಹರಿವಿನ ಉಬ್ಬುಗಳ ಮಧ್ಯರೇಖೆಗಳ ನಡುವಣ ಅಂತರಕ್ಕೆ ಲೋಬ್ ಸೆಪರೇಷನ್ ಕೋನ ಎಂದು ಹೆಸರು. ಇದನ್ನು ಕ್ಯಾಮ್‌ಶಾಫ್ಟಿನ ಡಿಗ್ರಿಗಳಲ್ಲಿ ಹೇಳಲಾಗುತ್ತದೆ.

ಅತಿವ್ಯಾಪ್ತಿ

ಹೊರಹರಿವಿನ ಕವಾಟ ಪೂರ್ತಿ ಮುಚ್ಚುವ ಮೊದಲೇ ಒಳಹರಿವಿನ ಕವಾಟ ತೆರೆಯತೊಡಗುತ್ತದೆ. ಎರಡೂ ತೆರೆದಿರುವ ಈ ಕಾಲವನ್ನು ಅತಿವ್ಯಾಪ್ತಿ (ಓವರ್‌ಲ್ಯಾಪ್) ಎನ್ನುತ್ತಾರೆ. ಸಾಧಾರಣ ಎಂಜಿನ್ನಿನಲ್ಲಿ ಹೆಚ್ಚಿನ ವೇಗದಲ್ಲಿ ಹೊರಹೋಗುವ ಹೊಗೆಯ ಸೆಳೆತವು ಹೊಸ ಗಾಳಿಯನ್ನು ಒಳಗೆಳೆಯಲು ನೆರವಾಗುತ್ತದೆ. ಆದ್ದರಿಂದ ಪಂದ್ಯದ ಕಾರುಗಳಲ್ಲಿ ಅತಿವ್ಯಾಪ್ತಿ ಹೆಚ್ಚಾಗಿರುತ್ತದೆ. ಸೂಪರ್‌ಚಾರ್ಜರ್ ಇದ್ದಾಗ ಗಾಳಿಗೆ ಈ ಸೆಳೆತದ ಹಂಗಿಲ್ಲ. ಒಳನಾಳದ ಒತ್ತಡವು ಹೊರನಾಳದ ಒತ್ತಡಕ್ಕಿಂತ ಹೆಚ್ಚಿದ್ದರೆ, ಅತಿವ್ಯಾಪ್ತಿಯ ಕಾಲದಲ್ಲಿ ಹೊಸ ಮಿಶ್ರಣವು ಸಿಲಿಂಡರಿನಲ್ಲಿ ನಿಲ್ಲದೆ ನೇರವಾಗಿ ಹೊಗೆ ಕೊಳವೆ ಸೇರುತ್ತದೆ. ಇದರಿಂದ ಇಂಧನ ವ್ಯರ್ಥವಾಗುವುದಲ್ಲದೆ, ಸುಡದ ಇಂಧನವು ವೇಗವರ್ಧಕ ಪರಿವರ್ತಕದಲ್ಲಿ ಉರಿದು ಅದನ್ನು ಹಾಳುಮಾಡಬಹುದು.

ಅತಿವ್ಯಾಪ್ತಿಯನ್ನು ಹೀಗೆ ಲೆಕ್ಕ ಹಾಕಬಹುದು: ಎರಡು ಡ್ಯುರೇಷನ್‌ಗಳನ್ನು ಕೂಡಿಸಿ 4ರಿಂದ ಭಾಗಿಸಿ, ಅದರಿಂದ ಲೋಬ್ ಸೆಪರೇಷನ್ ಕೋನವನ್ನು ಕಳೆದು, ಉಳಿದುದನ್ನು 2ರಿಂದ ಗುಣಿಸಬೇಕು. ಡ್ಯುರೇಷನ್‌ಗಳು 270 ಮತ್ತು 280 ಡಿಗ್ರಿ ಆಗಿದ್ದು ಕೋನ 108 ಡಿಗ್ರಿ ಇದ್ದರೆ ಅತಿವ್ಯಾಪ್ತಿ 59 ಡಿಗ್ರಿ. ಕೋನವನ್ನು 114 ಡಿಗ್ರಿಗೆ ಹಿಗ್ಗಿಸಿದರೆ 47 ಡಿಗ್ರಿ. ಈ ಕಾರಣದಿಂದ ಸೂಪರ್‌ಚಾರ್ಜರ್ ಇರುವ ರಸ್ತೆ ಕಾರುಗಳಿಗೆ 112ರಿಂದ 116 ಡಿಗ್ರಿಯ ಅಥವಾ ಅದಕ್ಕೂ ಅಗಲವಾದ ಕೋನವನ್ನು ಆರಿಸುವುದು ರೂಢಿ.

ಹೊರಹರಿವಿನ ಅವಧಿ

ಸೂಪರ್‌ಚಾರ್ಜರ್ ಗಾಳಿಯನ್ನು ಒಳಗೆ ತಳ್ಳುತ್ತದೆಯೇ ಹೊರತು ಹೊಗೆಯನ್ನು ಹೊರಗೆ ತಳ್ಳಲು ನೆರವಾಗುವುದು ಕಡಿಮೆ. ಹೆಚ್ಚು ಮಿಶ್ರಣ ಉರಿದಾಗ ಹೊಗೆಯೂ ಹೆಚ್ಚುವುದರಿಂದ, ಹೊರಹರಿವಿನ ಡ್ಯುರೇಷನ್ನನ್ನು ಒಳಹರಿವಿಗಿಂತ ದೀರ್ಘವಾಗಿಡುತ್ತಾರೆ. 2009ರ ಮಾದರಿಯ ಷೆವ್ರೊಲೆ ಕಾರ್ವೆಟ್ ಝಡ್‌ಆರ್1 ಕಾರಿನ 6.2 ಲೀಟರಿನ ಎಲ್‌ಎಸ್9 ಎಂಜಿನ್ ಇದಕ್ಕೆ ಉತ್ತಮ ಉದಾಹರಣೆ. ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಹೊಂದಿದ್ದ ಈ ಎಂಜಿನ್ 638 ಅಶ್ವಶಕ್ತಿ ನೀಡುತ್ತಿತ್ತು. 0.050 ಇಂಚಿನಲ್ಲಿ ಅಳೆದಾಗ ಅದರ ಡ್ಯುರೇಷನ್ ಒಳಹರಿವಿಗೆ 211, ಹೊರಹರಿವಿಗೆ 230 ಡಿಗ್ರಿ. ಲೋಬ್ ಸೆಪರೇಷನ್ ಕೋನ 122.5 ಡಿಗ್ರಿ. ಮೇಲಿನ ಸೂತ್ರದಂತೆ ಆ ಎತ್ತರದಲ್ಲಿ ಅತಿವ್ಯಾಪ್ತಿಯೇ ಇಲ್ಲ. ಉತ್ತರ ಋಣಸಂಖ್ಯೆಯಾಗಿ ಬರುತ್ತದೆ.

ಟರ್ಬೊಚಾರ್ಜರಿಗೆ ಇದೇ ನಿಯಮ ಅನ್ವಯಿಸುವುದಿಲ್ಲ. ಅಲ್ಲಿ ಟರ್ಬೈನು ಹೊಗೆಯ ದಾರಿಯಲ್ಲಿ ಅಡ್ಡವಿರುವುದರಿಂದ ಹೊರನಾಳದ ಒತ್ತಡವೇ ಹೆಚ್ಚಾಗಿ, ಅತಿವ್ಯಾಪ್ತಿಯಲ್ಲಿ ಹೊಗೆ ಹಿಮ್ಮುಖವಾಗಿ ನುಗ್ಗಬಹುದು.

ಸಂಪೀಡನ ಮತ್ತು ನಾಕಿಂಗ್

ಒಳಹರಿವಿನ ಕವಾಟ ಮುಚ್ಚಿದ ಮೇಲೆಯೇ ನಿಜವಾದ ಸಂಪೀಡನ ಆರಂಭವಾಗುತ್ತದೆ. ಕವಾಟ ತಡವಾಗಿ ಮುಚ್ಚಿದಷ್ಟೂ ಸಂಪೀಡನ ತಗ್ಗುತ್ತದೆ. ಸಂಪೀಡನ ಮಿತಿಮೀರಿದರೆ ಇಂಧನ ತಾನಾಗಿ ಹೊತ್ತಿ ನಾಕಿಂಗ್ ಉಂಟಾಗುತ್ತದೆ. ಇದರಿಂದ ಪಿಸ್ಟನ್ ಒಡೆಯಲೂಬಹುದು. ಆದ್ದರಿಂದ ಕ್ಯಾಮ್‌ಶಾಫ್ಟ್, ಸಂಪೀಡನ ಅನುಪಾತ ಮತ್ತು ಗಾಳಿಯ ಒತ್ತಡ ಈ ಮೂರನ್ನೂ ಒಟ್ಟಿಗೆ ನಿರ್ಧರಿಸಬೇಕು. ಕವಾಟವನ್ನು ಬೇಕೆಂದೇ ಬಹಳ ತಡವಾಗಿ ಮುಚ್ಚುವ ಮಿಲ್ಲರ್ ಚಕ್ರವನ್ನು ಮಾಜ್ದಾ ಕಂಪನಿಯು 1990ರ ದಶಕದಲ್ಲಿ 2.3 ಲೀಟರಿನ ವಿ6 ಎಂಜಿನ್ನಿನಲ್ಲಿ ಸೂಪರ್‌ಚಾರ್ಜರ್ ಜೊತೆಗೆ ಬಳಸಿತು.

ಸೂಪರ್‌ಚಾರ್ಜರಿನ ಬಗೆ

ರೂಟ್ಸ್ ಮತ್ತು ಜೋಡಿ ತಿರುಪು ಮಾದರಿಗಳು ಕಡಿಮೆ ವೇಗದಲ್ಲೇ ಒತ್ತಡ ನೀಡುತ್ತವೆ. ಇವುಗಳಿಗೆ ಕಡಿಮೆ ಡ್ಯುರೇಷನ್ ಸಾಕಾಗುತ್ತದೆ. ಕೇಂದ್ರಾಪಗಾಮಿ ಮಾದರಿಯಲ್ಲಿ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಕೆಳವೇಗದಲ್ಲಿ ಎಂಜಿನ್ ಬಹುಮಟ್ಟಿಗೆ ಸಾಧಾರಣ ಎಂಜಿನ್ನಿನಂತೆಯೇ ನಡೆಯುತ್ತದೆ. ಇದಕ್ಕೆ ತುಸು ದೀರ್ಘವಾದ ಡ್ಯುರೇಷನ್ ಸಲ್ಲುತ್ತದೆ.

ಸ್ಪ್ರಿಂಗ್, ಬ್ರೇಕ್ ಮತ್ತು ಕಾನೂನು

ಒಳನಾಳದ ಒತ್ತಡವು ಮುಚ್ಚಿದ ಕವಾಟವನ್ನು ತೆರೆಯುವ ದಿಕ್ಕಿಗೆ ನೂಕುತ್ತದೆ. 50 ಮಿ.ಮೀ. ವ್ಯಾಸದ ಕವಾಟದ ಮೇಲೆ 0.5 ಬಾರ್ ಒತ್ತಡ ಬಿದ್ದರೆ ಆ ಬಲ ಸುಮಾರು 98 ನ್ಯೂಟನ್, ಅಂದರೆ 10 ಕಿಲೋಗ್ರಾಮಿನ ಭಾರಕ್ಕೆ ಸಮ. ಸ್ಪ್ರಿಂಗ್‌ಗಳು ಇದನ್ನು ತಡೆಯುವಷ್ಟು ಬಿಗಿಯಾಗಿರಬೇಕು. ಹೆಚ್ಚು ಲಿಫ್ಟಿನ ಕ್ಯಾಮ್‌ಶಾಫ್ಟ್ ಹಾಕುವಾಗ ಕವಾಟಕ್ಕೂ ಪಿಸ್ಟನ್ನಿಗೂ ನಡುವಣ ಅಂತರವನ್ನು ಅಳೆದು ನೋಡಬೇಕು.

ಅತಿವ್ಯಾಪ್ತಿ ಹೆಚ್ಚಾದರೆ ಐಡ್ಲಿಂಗಿನಲ್ಲಿ ಒಳನಾಳದ ನಿರ್ವಾತ ಕುಗ್ಗುತ್ತದೆ. ನಿರ್ವಾತದಿಂದ ನಡೆಯುವ ಬ್ರೇಕ್ ಬೂಸ್ಟರಿನ ನೆರವು ಆಗ ಕಡಿಮೆಯಾಗಿ, ಪೆಡಲನ್ನು ಹೆಚ್ಚು ಬಲದಿಂದ ಒತ್ತಬೇಕಾಗುತ್ತದೆ. ರಸ್ತೆ ಕಾರಿಗೆ ಸೌಮ್ಯವಾದ ಕ್ಯಾಮ್‌ಶಾಫ್ಟ್ ಆರಿಸಲು ಇದೂ ಒಂದು ಕಾರಣ.

ಅಮೆರಿಕದಲ್ಲಿ ಇಂತಹ ಮಾರ್ಪಾಡುಗಳು ಹೊಗೆ ನಿಯಂತ್ರಣದ ನಿಯಮಗಳಿಗೆ ಒಳಪಡುತ್ತವೆ. ಭಾರತದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡುಗಳನ್ನು ನಿರ್ಬಂಧಿಸುತ್ತದೆ.