ಸಹಿಯ ಸಾಕ್ಷ್ಯ: ಚೀನದ ಸಮಾಧಿಶಿಲ್ಪಗಳ ಛಾಯಾಚಿತ್ರ ಸಂಗ್ರಹವನ್ನು ಕುರಿತು

ಒಂದೇ ನೆಗೆಟಿವಿನಿಂದ ಎಷ್ಟು ಪ್ರತಿಗಳನ್ನು ಬೇಕಾದರೂ ತೆಗೆಯಬಹುದಾದ್ದರಿಂದ, ಅವುಗಳಲ್ಲಿ ಅಸಲಿ ಯಾವುದು ಎಂದು ಕೇಳುವುದೇ ಅರ್ಥಹೀನ ಎಂದು ವಾಲ್ಟರ್ ಬೆಂಜಮಿನ್ 1936ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ವಾದಿಸಿದ. ಛಾಯಾಚಿತ್ರಗಳ ಮಾರುಕಟ್ಟೆ ಈ ಮಾತಿಗೆ ಕಿವಿಗೊಡಲಿಲ್ಲ. ಪ್ರತಿಗಳ ಸಂಖ್ಯೆಗೆ ಮಿತಿ ಹಾಕಿ, ಚಿತ್ರದ ಕೆಳ ಅಂಚಿನಲ್ಲೋ ಹಿಂಬದಿಯಲ್ಲೋ ಪೆನ್ಸಿಲಿನಿಂದ ಸಹಿ ಹಾಕಿ ಮಾರುವ ಪದ್ಧತಿ ಈಗ ಎಲ್ಲೆಡೆ ಇದೆ. ಬೆಂಜಮಿನ್ನನ ಮಾತನ್ನೇ ಮುಂದಿಟ್ಟುಕೊಂಡು, ಇಂಥ ಸಹಿ ಬೆಲೆ ಏರಿಸುವ ಉಪಾಯವಷ್ಟೇ ಎಂದು ತಳ್ಳಿಹಾಕುವವರಿದ್ದಾರೆ. ಪ್ರಾಚೀನ ಚೀನದ ಸಮಾಧಿಶಿಲ್ಪಗಳ ವಿಷಯದಲ್ಲಿ, ಅದರಲ್ಲೂ ಅವುಗಳ ಬಣ್ಣದ ಛಾಯಾಚಿತ್ರಗಳ ವಿಷಯದಲ್ಲಿ, ಈ ತೀರ್ಮಾನ ನಿಲ್ಲುವುದಿಲ್ಲ ಎಂಬುದು ನನ್ನ ವಾದ.

ಈ ಶಿಲ್ಪಗಳ ಆರಂಭದ ಛಾಯಾಚಿತ್ರಗಳಿಗೆ ಸಾಕ್ಷ್ಯದ ಬೆಲೆ ಇದೆ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಫ್ರೆಂಚ್ ವಿದ್ವಾಂಸ ಎದುವಾರ್ ಶವಾನ್ 1907ರಲ್ಲಿ ತಾಂಗ್ ಚಕ್ರವರ್ತಿ ತೈಜುಂಗನ ಸಮಾಧಿಯಾದ ಜಾವ್‌ಲಿಂಗ್‌ನ ಆರು ಕುದುರೆಗಳ ಉಬ್ಬುಶಿಲ್ಪಗಳನ್ನು ಅವು ಇದ್ದ ಜಾಗದಲ್ಲೇ ಚಿತ್ರಿಸಿಕೊಂಡ. ಮುಂದಿನ ದಶಕದಲ್ಲಿ ಅವನ್ನು ಅಲ್ಲಿಂದ ಕಿತ್ತು ಸಾಗಿಸಲಾಯಿತು. ಇಂದು ಎರಡು ಫಿಲಡೆಲ್ಫಿಯದಲ್ಲಿವೆ, ನಾಲ್ಕು ಶಿಯಾನ್ ನಗರದ ಬೇಯ್‌ಲಿನ್ ಸಂಗ್ರಹಾಲಯದಲ್ಲಿವೆ. 1914ರಲ್ಲಿ ವಿಕ್ತರ್ ಸೆಗಾಲೆನ್ ಹಾನ್ ಸೇನಾನಿ ಹುವೊ ಚುಬಿಂಗನ ಸಮಾಧಿಯ ಬಳಿ ನಿಂತಿದ್ದ, ಶತ್ರುವನ್ನು ಕಾಲಡಿ ಕೆಡವಿಕೊಂಡ ಕಲ್ಲಿನ ಕುದುರೆಯನ್ನು ಚಿತ್ರಿಸಿದ. ಇವುಗಳ ಮಹತ್ವವನ್ನು ಯಾರೂ ಸಹಿ ನೋಡಿ ಅಳೆಯುವುದಿಲ್ಲ.

ತಕರಾರು ಏಳುವುದು ಚಿನ್ ಷಿ ಹುವಾಂಗನ ಮಣ್ಣಿನ ಸೈನಿಕರ ಕಲಾಚಿತ್ರಗಳ ಬಗ್ಗೆ. 1974ರಲ್ಲಿ ಲಿಂಟಾಂಗ್ ಬಳಿ ಬಾವಿ ತೋಡುತ್ತಿದ್ದ ರೈತರ ಕೈಗೆ ಸಿಕ್ಕ ಈ ಸೈನ್ಯ ಕ್ರಿ.ಪೂ. 210ರಲ್ಲಿ ತೀರಿಕೊಂಡ ಚಕ್ರವರ್ತಿಯ ಕಾವಲಿಗೆಂದು ಹೂತದ್ದು. ಬದುಕಿರುವವರ ಕಣ್ಣಿಗಾಗಿ ಮಾಡಿದ್ದಲ್ಲ. ಕಪ್ಪು ಹಿನ್ನೆಲೆಯಲ್ಲಿ ಒಂದೇ ಮುಖವನ್ನು ಎತ್ತಿಹಿಡಿಯುವ ಚಿತ್ರ ಅದನ್ನು ಒಬ್ಬ ವ್ಯಕ್ತಿಯ ಭಾವಚಿತ್ರವಾಗಿಸುತ್ತದೆ. ಸೈನಿಕರ ಮುಖಗಳು ನಿಜವಾದ ವ್ಯಕ್ತಿಗಳ ಪ್ರತಿರೂಪಗಳೆಂಬ ನಂಬಿಕೆಯನ್ನು ಲದಿಸ್ಲಾವ್ ಕೆಸ್ನರ್ 1995ರಲ್ಲೇ ಪ್ರಶ್ನಿಸಿದ್ದಾರೆ. ಲೋಥಾರ್ ಲೆಡೆರೋಸ 2000ರಲ್ಲಿ, ಸೀಮಿತ ಸಂಖ್ಯೆಯ ಅಂಗಗಳನ್ನು ಬೇರೆಬೇರೆಯಾಗಿ ಕೂಡಿಸಿ ಈ ವೈವಿಧ್ಯವನ್ನು ಸಾಧಿಸಿದ ಬಗೆಯನ್ನು ವಿವರಿಸಿದರು. ಇಬ್ಬರ ಮಾತನ್ನೂ ಒಪ್ಪುತ್ತೇನೆ. ಆದರೆ ಇದರಿಂದ, ಬಿಡಿ ಚಿತ್ರವೂ ಅದರ ಮೇಲಿನ ಸಹಿಯೂ ವಿದ್ವತ್ತಿಗೆ ಹೊರಗಿನವು ಎಂದು ತೀರ್ಮಾನಿಸಿದರೆ ಒಂದು ಪುರಾವೆ ಕೈತಪ್ಪುತ್ತದೆ.

ಆ ಪುರಾವೆ ಸೈನಿಕರ ಮೈಮೇಲೆಯೇ ಇದೆ. ಅನೇಕ ಮೂರ್ತಿಗಳಲ್ಲಿ, ಎದ್ದು ಕಾಣದ ಕಡೆ, ಕುಶಲಕರ್ಮಿಯ ಹೆಸರನ್ನು ಕೊರೆಯಲಾಗಿದೆ, ಇಲ್ಲವೇ ಮುದ್ರೆ ಒತ್ತಲಾಗಿದೆ. ಉತ್ಖನನದ ನೇತೃತ್ವ ವಹಿಸಿದ್ದ ಯುವಾನ್ ಜುಂಗ್‌ಯಿ ಇಂಥ 80ಕ್ಕೂ ಹೆಚ್ಚು ಹೆಸರುಗಳನ್ನು ಗುರುತಿಸಿದರು; ಕೆಲವರು ಅರಮನೆಯ ಕಾರ್ಯಾಗಾರದವರು, ಕೆಲವರು ರಾಜಧಾನಿ ಶಿಯಾನ್‌ಯಾಂಗ್‌ನವರು. ಇವು ಕೀರ್ತಿಗಾಗಿ ಹಾಕಿದ ಹೆಸರುಗಳಲ್ಲ. ಮಂತ್ರಿ ಲ್ಯೂ ಬುವೆಯ ಆಶ್ರಯದಲ್ಲಿ ಸಿದ್ಧವಾದ ಗ್ರಂಥವೊಂದು, ಮಾಡಿದ ವಸ್ತುವಿನ ಮೇಲೆ ಮಾಡಿದವನ ಹೆಸರಿರಬೇಕು, ಕೆಲಸ ಪ್ರಾಮಾಣಿಕವೇ ಎಂದು ಅದರಿಂದ ಪರೀಕ್ಷಿಸಬೇಕು ಎಂದು ವಿಧಿಸುತ್ತದೆ. ಅದೇ ಲ್ಯೂ ಬುವೆಯ ಹೆಸರು ಈ ಸೈನಿಕರ ಜೊತೆ ಸಿಕ್ಕ ಕಂಚಿನ ಆಯುಧಗಳ ಮೇಲೂ ಇದೆ. ಹೆಸರೆಂದರೆ ಇಲ್ಲಿ ಹೊಣೆ. ಸೈನಿಕರ ಚಿತ್ರಗಳ ಮೇಲಿನ ಸಹಿಯನ್ನೂ ಇದೇ ಅರ್ಥದಲ್ಲಿ ಓದಲು ಸಾಧ್ಯವೇ?

ಬಣ್ಣದ ವಿಷಯಕ್ಕೆ ಬಂದಾಗ ಸಾಧ್ಯ ಎಂದೇ ನನಗೆ ತೋರುತ್ತದೆ. ಈ ಮೂರ್ತಿಗಳಿಗೆ ಮೊದಲು ಲ್ಯಾಕರ್ ಮರದ ರಸದ ಲೇಪ ಕೊಟ್ಟು, ಅದರ ಮೇಲೆ ಕೆಂಪು, ಹಸಿರು, ನೇರಳೆ ಬಣ್ಣಗಳನ್ನು ಬಳಿದಿದ್ದರು. ಎರಡು ಸಾವಿರ ವರ್ಷ ತೇವದ ಮಣ್ಣಿನಲ್ಲಿದ್ದ ಲೇಪ ಗಾಳಿಗೆ ತೆರೆದುಕೊಂಡ ಕೆಲವೇ ನಿಮಿಷಗಳಲ್ಲಿ ಒಣಗಿ, ಸುರುಳಿಯಾಗಿ, ಬಣ್ಣದ ಸಮೇತ ಕಳಚಿಕೊಳ್ಳುತ್ತದೆ. ಚೀನದ ತಜ್ಞರು ಜರ್ಮನಿಯ ಬವೇರಿಯದ ಸ್ಮಾರಕ ಸಂರಕ್ಷಣಾ ಇಲಾಖೆಯೊಂದಿಗೆ ಸೇರಿ ಪಾಲಿಎಥಿಲೀನ್ ಗ್ಲೈಕಾಲ್ ಬಳಸುವ ವಿಧಾನವನ್ನು ರೂಪಿಸುವ ಮುಂಚೆ ಹೊರಬಂದ ಮೂರ್ತಿಗಳ ಬಣ್ಣ ಬಹುಪಾಲು ಹೋಯಿತು. ಎರಡನೆಯ ಗುಂಡಿಯಲ್ಲಿ 1999ರಲ್ಲಿ ಸಿಕ್ಕ ಹಸಿರು ಮುಖದ ಬಿಲ್ಲುಗಾರ ಉಳಿದದ್ದು ಒಂದು ಭಾಗ್ಯ. ಉಳಿದಂತೆ, ಗುಂಡಿಯ ಅಂಚಿನಲ್ಲಿ ತೆಗೆದ ವರ್ಣಚಿತ್ರ ಹಿಡಿದಿಟ್ಟಿದ್ದನ್ನು ಇಂದು ಮೂರ್ತಿಯೇ ತೋರಿಸಲಾರದು.

ಬೆಂಜಮಿನ್ನನ ಮಾತು ಸೋಲುವುದು ಇಲ್ಲಿ. ಒಂದೇ ಫಿಲ್ಮಿನಿಂದ ತೆಗೆದ ಎರಡು ವರ್ಣಪ್ರತಿಗಳು ಒಂದೇ ಅಲ್ಲ. ರಾಸಾಯನಿಕ ವರ್ಣದ್ರವ್ಯಗಳು ಕಾಲ ಕಳೆದಂತೆ ಮಾಸುತ್ತವೆ. ಮರುಮುದ್ರಣದಲ್ಲಿ ಬಣ್ಣವನ್ನು ಹೊಂದಿಸುವವನು ಮೂರ್ತಿಯನ್ನು ಕಂಡವನೇ ಆಗಿರಬೇಕೆಂದಿಲ್ಲ. ಆ ನಿಮಿಷಗಳಲ್ಲಿ ಅಲ್ಲೇ ಇದ್ದ ಛಾಯಾಗ್ರಾಹಕ ಒಂದು ಪ್ರತಿಯನ್ನು ಒಪ್ಪಿ ಸಹಿ ಹಾಕಿದ್ದರೆ, ಅದು ತಾನು ಕಂಡ ಹಸಿರು ಇದೇ ಎಂದು ಸಾಕ್ಷಿ ನುಡಿದಂತೆ. ಆಗ ಅಸಲಿ ಪ್ರತಿಯ ಪ್ರಶ್ನೆಗೆ ಅರ್ಥ ಬರುತ್ತದೆ.

ಈ ಮಾತನ್ನು ಹಿಗ್ಗಿಸಬಾರದು. ಛಾಯಾಗ್ರಾಹಕ ಉತ್ಖನನದ ಹೊತ್ತಿನಲ್ಲಿ ಹಾಜರಿರದಿದ್ದರೆ ಸಹಿಗೆ ಈ ಬಲವಿಲ್ಲ. ಪ್ರತಿಯನ್ನು ಬಹಳ ವರ್ಷ ಬಿಟ್ಟು ತೆಗೆದಿದ್ದರೆ ಸಹಿ ನೆನಪಿಗೆ ಸಾಕ್ಷಿಯೇ ಹೊರತು ನೋಟಕ್ಕಲ್ಲ. ಸಹಿ ಇರುವ ಪ್ರತಿಯೂ ಗೋಡೆಯ ಮೇಲೆ ಬೆಳಕಿಗೆ ಮಾಸಿರಬಹುದು. ಮೂರ್ತಿಯ ಮೇಲೆ ಬಿದ್ದದ್ದು ಹಗಲಿನ ಬೆಳಕೋ ದೀಪದ್ದೋ ಎಂಬುದನ್ನೂ ಕೇಳಬೇಕಾಗುತ್ತದೆ. ಚಿತ್ರ ತೆಗೆದ ದಿನ, ಜಾಗ, ಪ್ರತಿ ಮಾಡಿದ ವರ್ಷ ಇವಿಲ್ಲದ ಸಹಿಯನ್ನು ನಾನು ಸಾಕ್ಷ್ಯವೆಂದು ಪರಿಗಣಿಸಲಾರೆ. ಇಷ್ಟೆಲ್ಲ ಶರತ್ತುಗಳನ್ನು ದಾಟಿ ಬರುವ ಪ್ರತಿಗಳು ಕೆಲವೇ ಇದ್ದಾವು. ಆದರೂ ಆ ಕೆಲವಕ್ಕಾಗಿ ಹುಡುಕುವುದು ಸಾರ್ಥಕ.

ಕಪ್ಪು-ಬಿಳುಪಿನ ಕಲಾಚಿತ್ರಗಳಿಗೆ ಮೇಲಿನ ವಾದ ಅನ್ವಯಿಸದು. ಅವುಗಳ ಉಪಯೋಗ ಬೇರೆ. ಮಂಡಿಯೂರಿದ ಬಿಲ್ಲುಗಾರನನ್ನು ಹಿಂದಿನಿಂದ ನೋಡಿದರೆ ಪಾದರಕ್ಷೆಯ ಅಡಿ ಕಾಣುತ್ತದೆ. ಬೆರಳ ಕಡೆಗೂ ಹಿಮ್ಮಡಿಯಲ್ಲೂ ಹೊಲಿಗೆ ಒತ್ತಾಗಿದೆ, ನಡುವೆ ವಿರಳವಾಗಿದೆ. ನೆಲದ ಮೇಲೆ ಒತ್ತಡ ಎಲ್ಲಿ ಬೀಳುತ್ತದೆಂದು ಬಲ್ಲವನು ಕೊರೆದ ಹೊಲಿಗೆ ಅದು. ಎದುರಿನಿಂದ ಬೆಳಕು ಬಿದ್ದರೆ ಆ ಚುಕ್ಕೆಗಳು ಸಪಾಟಾಗಿ ಬಿಡುತ್ತವೆ. ಪಕ್ಕದಿಂದ ಓರೆಯಾಗಿ ಬಿದ್ದಾಗ ಒಂದೊಂದಕ್ಕೂ ನೆರಳು ಮೂಡುತ್ತದೆ. ಕೊರೆದ ಹೆಸರುಗಳನ್ನು ಓದಲೂ ಇದೇ ಬೆಳಕು ಬೇಕು. ಕಲಾಚಿತ್ರಕಾರನಿಗೆ ಪ್ರಿಯವಾದ ಬೆಳಕು ಶಾಸನ ಓದುವವನಿಗೂ ಅಷ್ಟೇ ಬೇಕಾದದ್ದು ಎಂಬುದನ್ನು ಕಲಾಚಿತ್ರಗಳನ್ನು ಅಲಂಕಾರವೆಂದು ಬದಿಗಿಡುವವರು ಗಮನಿಸಬೇಕು.

ಸಹಿ ಇರುವ ವರ್ಣಪ್ರತಿಗಳ ಬಣ್ಣವನ್ನು ಮೂರ್ತಿಗಳ ಮೇಲೆ ಉಳಿದ ಕಣಗಳ ಪ್ರಯೋಗಾಲಯ ವಿಶ್ಲೇಷಣೆಯೊಂದಿಗೆ ಹೋಲಿಸಿ ನೋಡುವ ಕೆಲಸ ಆಗಬೇಕು. ಅಲ್ಲಿಯವರೆಗೆ ನನ್ನ ವಾದವನ್ನು ಒಂದು ಊಹಾಸಿದ್ಧಾಂತವೆಂದೇ ಎಣಿಸಬೇಕು. ಖಾಸಗಿ ಸಂಗ್ರಾಹಕರು ತಮ್ಮ ಪ್ರತಿಗಳ ಮುಂಬದಿಯ ಜೊತೆಗೆ ಹಿಂಬದಿಯ ಬರಹವನ್ನೂ ಪ್ರಕಟಿಸಿದರೆ ಈ ಹೋಲಿಕೆಗೆ ಬೇಕಾದ ತಾರೀಖುಗಳು ಸಿಗುತ್ತವೆ. ಗಾಜಿನ ಚೌಕಟ್ಟು ಹಾಕಿಸುವಾಗ ಹಿಂಬದಿಗೆ ಹಲಗೆ ಅಂಟಿಸಿ ಅದನ್ನು ಮುಚ್ಚಿಬಿಡದಿರುವುದು ಅವರಿಂದ ಆಗಬೇಕಾದ ಮೊದಲ ಸಹಾಯ.